ಮೊದಲ ಹಿಡಿ ಗಿರಣಿಗೆ

ನನ್ನ ಭಾಲ್ಕಿ ಅತ್ತಿ,

ಗಿರಣಿ ಇನ್ನೂ ತಿರುಗುತ್ತಿದೆ. ಮೊದಲು ಇದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ನೀನು ಎಲ್ಲಿದ್ದರೂ ಕೇಳುವ ಮೊದಲ ಪ್ರಶ್ನೆ ಅದೇ. ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಾಗಲೂ ನಿನಗೆ ಅದೇ ಚಿಂತೆ. ಪಾದ್ರಿಗಳು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದರು. ನೀನು ಒಂದು ಕಣ್ಣು ತೆರೆದು, "ಗಿರಣಿ ಪಟ್ಟಾ ಸಡ್ಲ ಆಗ್ಯದ, ನೋಡಿದ್ಯಾ?" ಎಂದು ಪಿಸುಗುಟ್ಟಿದೆ. ನಾನು ಆಗ ನಗಬಾರದಿತ್ತು. ಆಮೆನ್ ಬರುವ ಮೊದಲೇ ನಕ್ಕುಬಿಟ್ಟೆ.

ಇವತ್ತು ಮಧ್ಯಾಹ್ನ ಗಿರಣಿಯಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ನಿನಗೆ ಹೇಳದೆ ನನಗೆ ಊಟ ಸೇರುವುದಿಲ್ಲ. ಆದರೆ ಸುಮ್ಮನೆ ಹೇಳಿಬಿಟ್ಟರೆ ಅದರ ರುಚಿ ನಿನಗೆ ಹತ್ತುವುದಿಲ್ಲ. ಸ್ವಲ್ಪ ಹಿಂದಿನಿಂದ ಬರುತ್ತೇನೆ. ನಿನಗೇನು ಅವಸರ ಈಗ?

ನಿನ್ನ ಗಿರಣಿ ಎಂದರೆ ನನ್ನ ಕಣ್ಣಿಗೆ ಬರುವುದು ಬಾಗಿಲ ಪಕ್ಕದ ಆ ಕಟ್ಟೆ. ಚಿಕ್ಕವಳಿದ್ದಾಗ ರಜೆಗೆ ಬೀದರದಿಂದ ಬಂದರೆ ಮೊದಲು ಅದರ ಮೇಲೆ ಹತ್ತಿ ಕೂರುತ್ತಿದ್ದೆ. ನನ್ನ ಪಕ್ಕದಲ್ಲಿ ಸಾಲಾಗಿ ಡಬ್ಬಿಗಳು. ಒಂದರ ಹಿಡಿಕೆಗೆ ಕೆಂಪು ಚಿಂದಿ ಕಟ್ಟಿದ್ದು, ಇನ್ನೊಂದರ ಮೇಲೆ ಬಣ್ಣದಲ್ಲಿ ಅಕ್ಷರ ಬರೆದದ್ದು. ಒಂದರ ಬಳಿಯೂ ಒಡತಿ ಇಲ್ಲ! ಹಿಟ್ಟಿನ ಗಿರಣಿಯಲ್ಲಿ ಜನ ಕಣ್ಣು ಕೀಳದೆ ನಿಲ್ಲುತ್ತಾರೆ. ನನ್ನ ಜೋಳ ಅವಳ ಜೋಳದಲ್ಲಿ ಬೆರೆಯಿತೇನೋ, ಒಂದು ಹಿಡಿ ಕಮ್ಮಿ ಬಂತೇನೋ... ನಿನ್ನಲ್ಲಿ ಮಾತ್ರ ಡಬ್ಬಿ ಇಟ್ಟು, "ಅಕ್ಕಾ, ಸಂತಿಗಿ ಹೋಗಿ ಬರ್ತೇನ್ರಿ" ಎಂದು ಹೊರಟೇಬಿಡುತ್ತಿದ್ದರು. ಎದುರಿನ ಬಳೆ ಅಂಗಡಿಯ ಖಾಲಾ ಹೇಳುತ್ತಿದ್ದರಲ್ಲ, "ಸುವಾರ್ತಮ್ಮನ ಕಟ್ಟಿ ಅಂದ್ರ ಬ್ಯಾಂಕಿನ ಲಾಕರ್" ಎಂದು.

ನಾನು ಪದವಿ ಮುಗಿಸಿ ನಿನ್ನ ಮನೆಗೆ ಬಂದಿಳಿದ ದಿನ ನೆನಪಿದೆಯಾ? ಬಟ್ಟೆಯ ಚೀಲ ಒಂದು, ಕರಪತ್ರಗಳ ಚೀಲ ಎರಡು. ಬೀದರದ ನಮ್ಮ ಚರ್ಚಿನ ಹಿಂದಿನ ಕೋಣೆಯಲ್ಲಿ ತುಕ್ಕು ಹಿಡಿದ ಕಪಾಟು ಇದೆಯಲ್ಲ, ಅದರಲ್ಲಿ ಗೆದ್ದಲು ತಿಂದು ಬಿಟ್ಟದ್ದನ್ನೆಲ್ಲ ನಾನು ಓದಿ ಮುಗಿಸಿದ್ದೆ. ಅಲ್ಲಿಗೂ ನಿಲ್ಲಲಿಲ್ಲ. ಸಾರಾಯಿ ಬೇಡ ಅನ್ನುವವರದು, ವರದಕ್ಷಿಣೆ ವಿರೋಧಿಸುವವರದು, ಕೂಲಿಕಾರರ ಸಂಘದವರದು, ಬಸ್ ಸ್ಟ್ಯಾಂಡಿನಲ್ಲಿ ಯಾರು ಏನು ಕೊಟ್ಟರೂ ನಿಂತಲ್ಲೇ ಓದುತ್ತಿದ್ದೆ. ಲೋಕ ಇನ್ನೂ ಹೀಗಿರುವುದಕ್ಕೆ ಒಂದೇ ಕಾರಣ, ಅದಕ್ಕೆ ಯಾರೂ ಸರಿಯಾಗಿ ಬಿಡಿಸಿ ಹೇಳಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಹೇಳುವವಳು ಈಗ ಭಾಲ್ಕಿಗೆ ಬಂದಿದ್ದಳು. ಮೊದಲ ಶ್ರೋತೃ ನೀನೇ.

"ಅತ್ತಿ, ಇಷ್ಟು ವರ್ಷ ಈ ಓಣ್ಯಾಗ ಇದ್ದಿ. ಒಬ್ಬರಿಗಾದ್ರೂ ಯೇಸುಸ್ವಾಮಿ ಬಗ್ಗೆ ಹೇಳಿದ್ಯಾ?"

"ಏನಂದಿ?" ಎಂದು ನೀನು ಕಿವಿಗೆ ಕೈ ಹಚ್ಚಿದೆ.

ಗಂಟಲು ಹರಿಯುವಂತೆ ಇನ್ನೊಮ್ಮೆ ಕೂಗಿದೆ.

"ಈ ಸಪ್ಪಳದಾಗ ನೀ ಹೇಳೂದೇ ನನಗ ಕೇಳವಲ್ದು. ನಾ ಹೇಳಿದ್ದು ಅವರಿಗೆ ಹ್ಯಾಂಗ ಕೇಳಬೇಕವ್ವಾ?"

"ಹಂಗಾರ ಗಿರಣಿ ಬಂದ್ ಮಾಡಿ ಹೇಳು!"

"ಬಂದ್ ಮಾಡಿದ್ರ ಹಿಟ್ಟು ಯಾರು ಬೀಸೋರು?"

ಇಂಥವಳ ಜೊತೆ ವಾದ ಮಾಡುವುದಾದರೂ ಹೇಗೆ? ಹೆಸರೇ ಸುವಾರ್ತಮ್ಮ. ಸಾರುವ ಕೆಲಸವನ್ನೇ ಹೆಸರಾಗಿ ಹೊತ್ತವಳು ಒಂದು ದಿನವೂ ಬಾಯಿಬಿಟ್ಟು ಸಾರಲಿಲ್ಲ. ಇದು ಅಂಜಿಕೆ, ಇದು ರಾಜಿ, ಭಾನುವಾರಕ್ಕೊಂದು ಸೀರೆ ಎತ್ತಿಟ್ಟ ಹಾಗೆ ನಂಬಿಕೆಯನ್ನೂ ಎತ್ತಿಡುವ ಚಾಳಿ ಎಂದು ನಾನು ತೀರ್ಮಾನಿಸಿಬಿಟ್ಟೆ. ಆ ಕೆಲಸ ನಾನೇ ಮಾಡುತ್ತೇನೆ ಎಂದು ಹೊರಟೆ.

ಹೊರಟು ಮಾಡಿದ್ದೇನು? ನೆನೆದರೆ ಈಗಲೂ ನನಗೇ ನಗು. ನಾನೇ ಬರೆದು, ಬೀದರದಲ್ಲಿ ಅಚ್ಚು ಹಾಕಿಸಿ ತಂದ ಕರಪತ್ರಗಳನ್ನು ಬೀಸಿದ ಹಿಟ್ಟಿನ ಡಬ್ಬಿಗಳಲ್ಲಿ, ಮುಚ್ಚಳದ ಕೆಳಗೆ, ಒಂದೊಂದಾಗಿ ಸೇರಿಸಿದೆ. ಬಿಸಿ ಹಿಟ್ಟಿನ ಮೇಲೆ ಹಸಿ ಶಾಯಿ. ಮರುದಿನ ಬೆಳಗ್ಗೆ ಕಲಾವತಿಬಾಯಿ ಬಂದರು. ಓಣಿಯ ತುದಿಮನೆಯ ಕಲಾವತಿಬಾಯಿ, ಕೊರಳಲ್ಲಿ ತುಳಸಿಮಾಲೆ, ನಾಲಿಗೆಯಲ್ಲಿ ಕುಡುಗೋಲು.

"ಸುವಾರ್ತಮ್ಮ, ನಾ ಜ್ವಾಳ ಬೀಸಲಾಕ ಕೊಟ್ಟಿದ್ದೆ, ಪೇಪರ್ ಬೀಸಲಾಕಲ್ಲ. ನಮ್ಮ ಮನಿಯವರು ರೊಟ್ಟಿ ಮುರದ್ರ ಒಳಗ ಅಕ್ಷರ ಬಂದಾವ!"

ಎದುರಂಗಡಿಯಿಂದ ಖಾಲಾ ಕೂಗಿದರು: "ಓದಲಾಕ ಬಂದ್ರ ಓದ್ರಿ ಬಾಯಿ, ಇಲ್ಲಾಂದ್ರ ತಿನ್ರಿ!"

ಕಟ್ಟೆಯ ಹತ್ತಿರ ಇದ್ದವರೆಲ್ಲ ನಕ್ಕರು. ನೀನು ಕಲಾವತಿಬಾಯಿಯವರಿಗೆ ಬೇರೆ ಜೋಳ ಬೀಸಿಕೊಟ್ಟೆ. ಬೈಯುತ್ತೀ ಎಂದು ನಾನು ಸಂಜೆಯವರೆಗೆ ಕಾದೆ. ನೀನು ಹಿಟ್ಟು ಮೆತ್ತಿದ ಕನ್ನಡಕ ಒರೆಸಿಕೊಂಡು, ನನ್ನ ಕರಪತ್ರವನ್ನು ಮೊದಲಿನಿಂದ ಕೊನೆಯವರೆಗೆ, ಅಚ್ಚಿನ ಮನೆಯ ವಿಳಾಸವನ್ನೂ ಬಿಡದೆ ಓದಿದೆ. "ಚಲೋ ಬರದಿ," ಅಂದೆ. "ಆದ್ರ ಯಾರಿಗರೆ ಏನರೆ ಕೊಡೂದಿತ್ತಂದ್ರ ಕೈಯಾಗ ಕೊಡು. ಮುಚ್ಚಳದ ಬುಡಕ ಮುಚ್ಚಿಟ್ಟು ಯಾಕ ಕೊಡ್ತಿ? ಅವರ ಡಬ್ಯಾಗ ಅವರ ಹಿಟ್ಟೊಂದೇ ಇರಬೇಕು."

ಅಷ್ಟೇ. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ.

ಏಕಾದಶಿಯ ಹಿಂದಿನ ಸಂಜೆಗಳು ಮಾತ್ರ ನಮ್ಮಿಬ್ಬರ ಯುದ್ಧದ ಸಂಜೆಗಳು. ಮರುದಿನದ ಉಪವಾಸಕ್ಕೆ ಓಣಿಯವರು ಜೋಳ, ಗೋಧಿ ಮುಟ್ಟುವುದಿಲ್ಲ, ದಂಟಿನ ಜಾತಿಯ ಸಣ್ಣ ಕಾಳು ರಾಜಗಿರಿಯನ್ನು ಬೀಸಿಸಿಕೊಂಡು ಅದರ ರೊಟ್ಟಿ ತಿನ್ನುತ್ತಾರೆ. ಕಲ್ಲಿನ ಸಂದಿಯಲ್ಲಿ ಕೂತ ಜೋಳದ ಹಿಟ್ಟು ಚೂರು ಬೆರೆತರೂ ಅವರ ಉಪವಾಸ ಕೆಡುತ್ತದೆ. ಅದಕ್ಕೆ ನೀನು ಗಿರಣಿಯನ್ನೇ ಬಿಚ್ಚುತ್ತಿದ್ದೆ. ಸೆರಗು ಸೊಂಟಕ್ಕೆ ಕಟ್ಟಿ, ಮೇಲಿನ ಮುಚ್ಚಳ ತೆಗೆದು, ಕಲ್ಲು ಸರಿಸಿ, ಹಿಟ್ಟು ಬೀಳುವ ಬಟ್ಟೆಯ ಚೀಲವನ್ನು ಹೊರಗೆ ಜಾಡಿಸಿ, ಬ್ರಷ್ಷಿನಿಂದ ತಿಕ್ಕಿ ತಿಕ್ಕಿ... ಮೈಯೆಲ್ಲ ಬೆಳ್ಳಗೆ, ಕೆಮ್ಮು ಬೇರೆ. ನನ್ನ ರಕ್ತ ಕುದಿಯುತ್ತಿತ್ತು.

"ಅದು ನಮ್ಮ ಉಪವಾಸ ಅಲ್ಲ ಅತ್ತಿ! ಮಂದಿ ದೇವರ ಉಪವಾಸ ಕಾಯಲಾಕ ನೀ ಯಾಕ ಇಷ್ಟು ಮೈ ಮುರಕೋತಿ?"

"ಹಿಟ್ಟು ನಮ್ಮ ಗಿರಣ್ಯಾಗಿಂದ ಹೋಗ್ತದಲ್ಲ."

ಇದೂ ಒಂದು ಉತ್ತರವೇ? ನಾನು ಚೀಲ ಹೆಗಲಿಗೆ ಹಾಕಿಕೊಂಡು ದಡದಡ ಸ್ಟೇಶನ್ನಿಗೆ ನಡೆದು ಬೀದರದ ರೈಲು ಹತ್ತಿಬಿಡುತ್ತಿದ್ದೆ. ಪ್ರತಿ ಸಲವೂ ಹಾಗೆಯೇ. ನೀನು ಬ್ರಷ್ ಹಿಡಿಯುವುದನ್ನು ನಾನು ನೋಡಿದ್ದೇನೆ, ಬ್ರಷ್ ಕೆಳಗಿಟ್ಟ ಮೇಲೆ ಏನು ಮಾಡುತ್ತಿದ್ದೆ ಎಂಬುದನ್ನು ಒಮ್ಮೆಯೂ ನೋಡಲಿಲ್ಲ. ಆ ಹೊತ್ತಿಗೆ ನಾನು ಯುವಜನರ ಕೂಟದಲ್ಲಿ ನಿಂತು, ನಂಬಿಕೆಯನ್ನು ಬದುಕಿ ತೋರಿಸುವ ಬಗ್ಗೆ ಮೇಜು ಗುದ್ದಿ ಭಾಷಣ ಮಾಡುತ್ತಿರುತ್ತಿದ್ದೆ.

ಚಳಿ ಕಾಲಿಟ್ಟ ದಿನಗಳಲ್ಲಿ ನೀನು ಹೊರಟೆ. ಆ ದಿನದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ನೀನು ಅಲ್ಲೇ ಇದ್ದೆಯಲ್ಲ. ಇಷ್ಟು ಹೇಳುತ್ತೇನೆ: ಗಿರಣಿಗೆ ಬೀಗ ಹಾಕಿದ್ದು ಖಾಲಾ. ಕಲಾವತಿಬಾಯಿ ಖಾಲಿ ಕಟ್ಟೆಯ ಹತ್ತಿರ ನಿಂತು, ಯಾರೂ ನೋಡುತ್ತಿಲ್ಲ ಎಂದುಕೊಂಡು, ಸೆರಗಿನಿಂದ ಅದರ ಧೂಳು ಒರೆಸಿದರು. ನಾನು ನೋಡಿದೆ.

ಕ್ರಿಸ್ಮಸ್ಸಿಗೆ ಮನೆ ಸ್ವಚ್ಛ ಮಾಡುವಾಗ ಕಪಾಟಿನಲ್ಲಿ ದೀಪದ ಹಿಂದೆ ಹಸಿರು ಮುಚ್ಚಳದ ಒಂದು ಡಬ್ಬಿ ಸಿಕ್ಕಿತು. ಕಂಠಮಟ್ಟ ರಾಜಗಿರಿ. ತೊಳೆದು, ಒಣಗಿಸಿ, ಒಂದು ಕಲ್ಲಿಲ್ಲದಂತೆ ಆರಿಸಿಟ್ಟದ್ದು. ಅಯ್ಯೋ, ಅತ್ತಿ ಕ್ರಿಸ್ಮಸ್ ಲಡ್ಡುವಿಗೆಂದು ಮೊದಲೇ ಎತ್ತಿಟ್ಟಿದ್ದಾಳೆ ಎಂದು ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಅತ್ತೆ. ಹುರಿದೆ, ಬೆಲ್ಲದ ಪಾಕ ಹಿಡಿದೆ, ಲಡ್ಡು ಕಟ್ಟಿದೆ. "ಇದು ನಮ್ಮತ್ತಿಯ ಕೊನೆಯ ಕಾಣಿಕೆ" ಎಂದು ಚರ್ಚಿನಲ್ಲಿ ಎಲ್ಲರ ಕೈಗೂ ಕೊಟ್ಟೆ. ಪಾದ್ರಿಗಳ ಕಣ್ಣು ತೇವವಾಯಿತು. ಎರಡು ತಿಂದರು. ನೀನು ಮೇಲಿನಿಂದ ನೋಡುತ್ತಿದ್ದರೆ ಹಣೆ ಹಣೆ ಚಚ್ಚಿಕೊಂಡಿರಬೇಕು.

ಅದೇ ವಾರ ಅಪ್ಪ ಬಂದರು. ನಿನ್ನ ತಮ್ಮ, ಗೊತ್ತಲ್ಲ, ಮಾತಾಡುವಾಗಲೂ ಪಾಠ ಮಾಡುವ ಸಾಲಿ ಮಾಸ್ತರ. ಗಿರಣಿಯ ಜಾಗವನ್ನು ಮೊಬೈಲ್ ಅಂಗಡಿಯವನೊಬ್ಬ ಕೇಳಿದ್ದ. ಕೊಡಬಾರದು, ನಾನು ನಡೆಸುತ್ತೇನೆ ಎಂದು ಹಟ ಹಿಡಿದೆ.

"ಗಿರಣಿ ನಡಸೂದಂದ್ರ ಬಟನ್ ಒತ್ತೂದಲ್ಲ," ಅಂದರು ಅಪ್ಪ. "ನಮ್ಮಕ್ಕನ ಗಿರಣ್ಯಾಗ ಮಂದಿ ಡಬ್ಬಿ ಬಿಟ್ಟು ಹೋಗ್ತಿದ್ರು. ನಿನ್ನ ಕೈಯಾಗ ಬಿಟ್ಟು ಹೋಗ್ತಾರೇನು ನೋಡು. ಮಳಿಗಾಲ ತನಕ ನೋಡ್ತೇನಿ. ಆಗೂ ನಿಂತೇ ಕಾಯ್ಲತ್ತಾರಂದ್ರ ಮಾರಿಬಿಡೂದು. ಕಾವಲು ಕಾಯೋ ಗಿರಣಿ ಊರಾಗ ಬೇಕಷ್ಟಾವ."

ಅಪ್ಪನ ಮಾತು ಚುಚ್ಚಿತು. ಯಾಕೆಂದರೆ ಜನ ನಿಲ್ಲುತ್ತಿದ್ದರು, ಅತ್ತಿ. ಎಲ್ಲರೂ ನಿಲ್ಲುತ್ತಿದ್ದರು. ಬರುವುದನ್ನು ಬಿಟ್ಟಿರಲಿಲ್ಲ, ಮಾತು ಬಿಟ್ಟಿರಲಿಲ್ಲ, ಆದರೆ ಡಬ್ಬಿಯ ಪಕ್ಕದಿಂದ ಕದಲುತ್ತಿರಲಿಲ್ಲ. ಕಣ್ಣು ನನ್ನ ಕೈಮೇಲೆ. ಈ ಹುಡುಗಿ ಹಿಟ್ಟಿನಲ್ಲಿ ಇನ್ನೇನು ಸೇರಿಸುತ್ತಾಳೋ... ಕರಪತ್ರ ನಿಲ್ಲಿಸಿ ಎಷ್ಟೋ ಕಾಲವಾಗಿದ್ದರೂ ಅವರ ನಾಲಿಗೆಯ ಮೇಲೆ ಆ ಶಾಯಿ ಇನ್ನೂ ಇತ್ತು.

ಶಿವರಾತ್ರಿಯ ಹಿಂದಿನ ದಿನ ಬಂತು. ನಿನ್ನ ಜೊತೆ ಎಷ್ಟು ಜಗಳವಾಡಿದ್ದೆನೋ ಅಷ್ಟೇ ಹಟದಿಂದ ನಿನ್ನ ಬ್ರಷ್ ಹಿಡಿದೆ. ನೀನು ಮಾಡುತ್ತಿದ್ದೆ ಎಂಬ ಒಂದೇ ಕಾರಣಕ್ಕೆ. ಗಿರಣಿ ಬಿಚ್ಚಿದೆ, ತಿಕ್ಕಿದೆ, ಕೆಮ್ಮಿದೆ. ಹೆಂಗಸರು ರಾಜಗಿರಿ ತಂದು ಸಾಲಾಗಿ ನಿಂತರು. ಕಲಾವತಿಬಾಯಿ ಮುಂದೆ ಬಂದು ಕಲ್ಲಿನೊಳಗೆ ಇಣುಕಿದರು.

"ಮೊದಲ ಹಿಡಿ ಹಾಕಿದ್ಯಾ?"

"ಯಾವ ಹಿಡಿ ಬಾಯಿ?"

ಹೌದು ಅಂದಿದ್ದರೆ ಆ ಕ್ಷಣಕ್ಕೆ ಮುಗಿದುಹೋಗುತ್ತಿತ್ತು. ಯಾವ ಹಿಡಿಯೋ ಏನೋ, ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದೆ.

"ಅಯ್ಯ, ಇಕಿಗೆ ಗೊತ್ತೇ ಇಲ್ಲ," ಎಂದು ಅವರು ಹಿಂದಿನವರ ಕಡೆ ತಿರುಗಿದರು. "ನಡೀರಿ. ನಮ್ಮ ಮನ್ಯಾಗ ಬೀಸುಕಲ್ಲು ಅದ."

ಬಯ್ಯಲಿಲ್ಲ, ಕೂಗಾಡಲಿಲ್ಲ, ತಮ್ಮ ತಮ್ಮ ಡಬ್ಬಿ ಎತ್ತಿಕೊಂಡು ಹೋದರು. ನಾನು ಖಾಲಿ ಗಿರಣಿಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಓಣಿಯ ತುದಿಯಿಂದ ಬೀಸುಕಲ್ಲಿನ ಗರಗರ ಶುರುವಾಯಿತು. ಗಿರಣಿ ಬಂದಾಗಿದ್ದರಿಂದ ಅದು ಸ್ಪಷ್ಟವಾಗಿ ಕೇಳುತ್ತಿತ್ತು. ಆ ವಯಸ್ಸಾದ ಕೈಗಳು ಕಲ್ಲು ತಿರುಗಿಸುತ್ತಿದ್ದವು, ಕರೆಂಟಿನ ಗಿರಣಿ ಇಟ್ಟುಕೊಂಡ ನಾನು ಕೈಕಟ್ಟಿ ಕೂತಿದ್ದೆ.

ಖಾಲಾ ಅಂಗಡಿ ಬಿಟ್ಟು ಬಂದು ನನ್ನ ಪಕ್ಕ ಕೂತರು. "ಅರೇ ಬೇಟಾ, ಅಕಿ ಬ್ರಷ್ ಹೊಡದ ಮ್ಯಾಲ ತನ್ನ ಡಬ್ಬಿ ತೆಗೀತಿದ್ಲಲ್ಲ. ಅದರಾಗಿಂದ ಒಂದು ಹಿಡಿ ರಾಜಗಿರಿ ಮೊದಲ ಗಿರಣಿಗಿ ಹಾಕ್ತಿದ್ಲು. ಬ್ರಷ್ಷಿಗಿ ಬರಲಾರದ್ದು ಏನ್ ಉಳದಿರ್ತದ, ಎಲ್ಲಾ ಅದು ಎಳಕೊಂಡು ಹೊರಗ ಬರ್ತದ. ಆಮ್ಯಾಲ ಮಂದೀದು ಹಾಕ್ತಿದ್ಲು. ಮಂದಿ ಮಾಲಿನಾಗಿಂದ ಆ ಹಿಡಿ ತಗೀಬಾರದು ಅಂತಿದ್ಲು."

"ಆ ಬೆರಕಿ ಹಿಟ್ಟು ಏನ್ ಮಾಡ್ತಿದ್ಲು?"

"ಅಕೀನೇ ರೊಟ್ಟಿ ಬಡದು ತಿಂತಿದ್ಲು. ನನಗೂ ಕೊಡ್ತಿದ್ಲು. ಏನ್ ಖಡಕ್ ಇರ್ತಿತ್ತು, ತೌಬಾ!"

"ಯಾವ ಡಬ್ಬಿ ಖಾಲಾ?"

"ದೀಪದ ಹಿಂದ ಇರ್ತಿತ್ತು ನೋಡು, ಹಸರ ಮುಚ್ಚಳದ್ದು."

"ಖಾಲಾ, ಅದು ಲಡ್ಡು ಆಯ್ತು."

"ಯಾವ ಲಡ್ಡು?"

"ಕ್ರಿಸ್ಮಸ್ ಲಡ್ಡು. ನೀವು ಮೂರು ತಿಂದ್ರಿ."

ಖಾಲಾ ನನ್ನ ಮುಖ ನೋಡಿದರು. ಆಮೇಲೆ ನಗಲು ಶುರುಮಾಡಿದರು ನೋಡು, ಮೊಣಕೈವರೆಗಿನ ಬಳೆಗಳೆಲ್ಲ ಗಲಗಲ. "ಯಾ ಅಲ್ಲಾ, ಶಿವರಾತ್ರಿ ಮಂದೀದು, ತಿಂದಾಕಿ ನಾ!" ನನಗೂ ತಡೆಯಲಾಗಲಿಲ್ಲ. ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ. ನಾನು ಸಿಟ್ಟಿನಿಂದ ರೈಲು ಹತ್ತದೆ ಒಂದೇ ಒಂದು ಸಂಜೆ ನಿಂತಿದ್ದರೆ, ಅತ್ತಿ... ನೀನಾದರೂ ಯಾಕೆ ಕರೆದು ತೋರಿಸಲಿಲ್ಲ?

ಡಬ್ಬಿ ಮತ್ತೆ ತುಂಬಲು ಮರುದಿನವೇ ನಮ್ಮ ಹೊಲವಿರುವ ಔರಾದದ ಬಸ್ ಹತ್ತಿದೆ. ನಿನ್ನ ಚಿಕ್ಕ ತಮ್ಮ, ನನ್ನ ಕಾಕಾ, ಹೊಲದ ದಾರಿಯಲ್ಲೇ ಸಿಕ್ಕರು. ನನ್ನನ್ನು ಕಂಡರೆ ಅವರಿಗೆ ಯಾವಾಗಲೂ ಚೇಷ್ಟೆ.

"ಬರ್ರಿ ಬರ್ರಿ, ಕರಪತ್ರದ ಬಾಯಿ! ಇವತ್ತ ಯಾರ ಮ್ಯಾಲ ಸಿಟ್ಟು?"

"ನನ್ನ ಮ್ಯಾಲೇ ಕಾಕಾ."

"ಹಂಗಾರ ಇವತ್ತ ಊರಿಗಿ ಸುಖ."

ಬದುವಿನ ಮೇಲೆ ಒಂದೇ ಒಂದು ಸಾಲು ರಾಜಗಿರಿ, ಕೆಂಪು ತೆನೆ ಬಾಗಿಸಿ ನಿಂತಿತ್ತು. ಅದನ್ನು ನೀನೇ ಹೋದ ಸಲ ಹಾಕಿಸಿ ಹೋಗಿದ್ದೆಯಂತೆ. "ವರ್ಷಾ ಹಾಕಸ್ತಿದ್ಲು ಅಕ್ಕ," ಅಂದರು ಕಾಕಾ. "ಇದು ಮಾರಾದಲ್ಲ, ತಿನ್ನಾದಲ್ಲ ಅಂತಿದ್ಲು. ಮತ್ತ ಏನ್ ಮಾಡ್ತಿ ಅಂದ್ರ, ಗಿರಣಿಗಿ ಉಣಸ್ತೇನಿ ಅಂತಿದ್ಲು. ನಾ ಏನ್ ತಿಳೀಲಿ? ಅಕ್ಕಗ ವಯಸ್ಸಾಯ್ತು, ತಲಿ ಸ್ವಲ್ಪ ಸಡ್ಲ ಆಗ್ಯದ ಅನಕೊಂಡೆ."

"ತಿನ್ನಾದಲ್ಲ ಅಂತ ಹೇಳಿದ್ಲಾ?"

"ಹೂಂ. ಯಾಕ?"

"ಇಡೀ ಚರ್ಚೇ ತಿಂದದ ಕಾಕಾ."

ಕಾಕಾ ತಲೆಯ ಟವೆಲ್ ತೆಗೆದು ಮುಖ ಮುಚ್ಚಿಕೊಂಡು ನಕ್ಕರು. ಆಮೇಲೆ ಇಬ್ಬರೂ ಕೂತು ತೆನೆ ಕೊಯ್ದೆವು, ಬಡಿದೆವು, ತೂರಿದೆವು. ನನ್ನ ಮಡಿಲಲ್ಲಿ ಸಾಸಿವೆಗಿಂತ ಸಣ್ಣ ಕಾಳು. ಇದನ್ನು ಬಿತ್ತಿ, ಬೆಳೆದು, ಬಸ್ಸಿನಲ್ಲಿ ಹೊತ್ತು ತಂದು, ತೊಳೆದು, ಆರಿಸಿ, ಪಕ್ಕದ ಮನೆಯವಳ ಉಪವಾಸ ಕೆಡಬಾರದೆಂದು ಮೊದಲ ಹಿಡಿಯಾಗಿ ಕಲ್ಲಿಗೆ ಸುರಿಯುವುದು. ಆ ಹಿಡಿ ಎಲ್ಲಿಂದ ಬಂತೆಂದು ಅವಳಿಗೂ ಹೇಳದಿರುವುದು. ನನ್ನ ಎರಡು ಚೀಲ ಕರಪತ್ರಗಳಲ್ಲಿ ಎಲ್ಲಿಯಾದರೂ ಇದಿತ್ತೇ? ಬಸ್ಸಿನಲ್ಲಿ ಬರುವಾಗ ದಾರಿಯ ತುಂಬ ಹುಡುಕಿದೆ. ಪ್ರೀತಿ ಎಂಬ ಶಬ್ದ ಬಹಳ ಸಲ ಇತ್ತು.

ಆದರೂ ಒಂದು ವಿಷಯದಲ್ಲಿ ನಾನು ಇನ್ನೂ ನಿನ್ನ ಜೊತೆ ಜಗಳಕ್ಕೆ ನಿಂತಿದ್ದೇನೆ. ಮಾಡಿ ಸುಮ್ಮನಿದ್ದುಬಿಟ್ಟರೆ ಸಾಕು ಅನ್ನುವವಳಲ್ಲ ನಾನು. ಯಾರಾದರೂ ಬಂದು ನೇರವಾಗಿ, ಯಾಕೆ ಮಾಡುತ್ತೀ ಎಂದು ಕೇಳಿದರೆ? ಆಗ ಬಾಯಿ ಬಿಡಬೇಕು. ಗಿರಣಿ ಬಂದ್ ಮಾಡಿಯಾದರೂ ಹೇಳಬೇಕು. ಇಷ್ಟಂತೂ ನೀನು ನನಗೆ ಒಪ್ಪಬೇಕು.

ಈ ಸಲ ಈಸ್ಟರಿಗೆ ಮುಂಚಿನ ನಮ್ಮ ಉಪವಾಸದ ದಿನಗಳೂ ಖಾಲಾನ ರೋಜಾಗಳೂ ಹೆಚ್ಚುಕಡಿಮೆ ಒಟ್ಟಿಗೇ ಶುರುವಾದವು. ಖಾಲಾ ಭಜಿಗೆ ಕಡಲೆಬೇಳೆ ಬೀಸಿಸಿಕೊಂಡು ಹೋಗಿ, ಸಂಜೆ ಬಾಂಗು ಕೂಗಿದ ಮೇಲೆ ಒಂದು ತಟ್ಟೆ ಇತ್ತ ಕಳಿಸುತ್ತಿದ್ದರು. ಶುಭ ಶುಕ್ರವಾರ ಗಿರಣಿಗೆ ಬೀಗ ಹಾಕಿ ನಾನು ಚರ್ಚಿನಲ್ಲಿದ್ದೆ. ಮಧ್ಯಾಹ್ನ ತಿರುಗಿ ಬರುವಾಗ ನೋಡುತ್ತೇನೆ, ಖಾಲಾ ನಮ್ಮ ಕಟ್ಟೆಯ ಮೇಲೆ ಕೂತು, ಗೋಧಿ ತಂದವನೊಬ್ಬನನ್ನು ಅಟ್ಟುತ್ತಿದ್ದಾರೆ: "ಇವತ್ತ ಇವರ ಉಪವಾಸ ಅದ ಗೊತ್ತಿಲ್ಲೇನು? ನಾಳಿ ಬಾ!" ಕಲಾವತಿಬಾಯಿ ಡಬ್ಬಿ ಹಿಡಿದು ಅರ್ಧ ದಾರಿಗೆ ಬಂದವರು ಅದನ್ನು ಕೇಳಿ ಅಲ್ಲಿಂದಲೇ ತಿರುಗಿ ಹೋದರು. ನಮ್ಮ ಉಪವಾಸವನ್ನೂ ಓಣಿ ಕಾಯುತ್ತಿತ್ತು, ಅತ್ತಿ. ಎಷ್ಟು ವರ್ಷಗಳಿಂದ? ನಾನು ಎಲ್ಲಿ ನೋಡುತ್ತಿದ್ದೆ?

ಈಗ ಇವತ್ತಿನ ಸುದ್ದಿ. ನಾಳೆ ಆಷಾಢ ಏಕಾದಶಿ. ಬೆಳಗ್ಗೆಯೇ ಗಿರಣಿ ಬಿಚ್ಚಿ ತಿಕ್ಕಿದೆ. ಮಧ್ಯಾಹ್ನ ಹಸಿರು ಮುಚ್ಚಳದ ಡಬ್ಬಿ ತೆಗೆದು ಮೊದಲ ಹಿಡಿ ಸುರಿದೆ. ಬಂದ ಹಿಟ್ಟನ್ನು ಬೇರೆ ತಟ್ಟೆಗೆ ಎತ್ತಿಟ್ಟೆ. ಹೊರಗೆ ತುಂತುರು ಮಳೆ. ಮೊದಲು ಬಂದವರು ಕಲಾವತಿಬಾಯಿ. ರಾಜಗಿರಿಯ ಡಬ್ಬಿಯನ್ನು ಬಗಲಲ್ಲೇ ಇಟ್ಟುಕೊಂಡು ತಟ್ಟೆ ನೋಡಿದರು, ಹಸಿರು ಮುಚ್ಚಳ ನೋಡಿದರು. ಏನೋ ಕೇಳಿದರು. ಇನ್ನೂ ತಿರುಗುತ್ತಿದ್ದ ಗಿರಣಿಯ ಸಪ್ಪಳದಲ್ಲಿ ನನಗೆ ಕೇಳಿಸಲಿಲ್ಲ. ಬಂದ್ ಮಾಡು ಎಂದು ಕೈಸನ್ನೆ ಮಾಡಿದರು.

ಬಂದ್ ಮಾಡಿದೆ. ಓಣಿಯೇ ಸುಮ್ಮನಾದ ಹಾಗಾಯಿತು.

"ಈ ಹಿಡಿ ಯಾರದು?"

"ನಮ್ಮದೇ ಬಾಯಿ. ಔರಾದ ಹೊಲದ್ದು."

"ಉಪವಾಸ ನಿಂದಲ್ಲ, ದೇವರು ನಿಂದಲ್ಲ. ನೀ ಯಾಕ ಮಾಡ್ತಿ?"

ಅತ್ತಿ, ಇದೇ ಪ್ರಶ್ನೆಗಾಗಿ ನಾನು ಎಷ್ಟು ವರ್ಷ ತಯಾರಾಗಿದ್ದೆ ಹೇಳು! ಮೂರು ಅಂಶ, ನಾಲ್ಕು ಉದಾಹರಣೆ, ಕೊನೆಗೊಂದು ಕರೆ. ಎಲ್ಲ ಬಾಯಿಪಾಠ. ಆದರೆ ಬಾಯಿಗೆ ಬಂದದ್ದು ಇಷ್ಟು: "ನಮ್ಮತ್ತಿ ಮಾಡ್ತಿದ್ಲುರಿ. ಅಕಿಗೆ ಯೇಸು ಕಲಿಸಿದ್ದ."

ಕಲಾವತಿಬಾಯಿ ಗಿರಣಿಯ ಕಡೆ ಗದ್ದ ಎತ್ತಿದರು. "ಹಂಗಾರ ಅವನೂ ಗಿರಣಿ ನಡಸ್ತಿದ್ದನೇನು?"

"ಇಲ್ರಿ, ಬಡಿಗ್ಯಾ ಇದ್ದ."

"ಹೌದೇನು? ನಮ್ಮ ಮಾವನೂ ಬಡಿಗ್ಯಾ ಇದ್ದ." ತುಳಸಿಮಾಲೆ ಸರಿಮಾಡಿಕೊಂಡರು. "ಕೆಲಸದ ಮಂದಿ ಮಾತ ಬ್ಯಾರೆ ಬಿಡು."

ಆಮೇಲೆ, ಅತ್ತಿ, ಬಗಲಲ್ಲಿದ್ದ ಡಬ್ಬಿಯನ್ನು ತೆಗೆದು ಕಟ್ಟೆಯ ಮೇಲೆ ಇಟ್ಟರು. "ನಾ ಸಂತಿಗಿ ಹೋಗಿ ಬಾಳಿಹಣ್ಣು ತರ್ತೇನಿ. ಬೀಸಿಡು." ಕೊಡೆ ಬಿಚ್ಚಿದರು, ಹೋದರು. ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ. ನಾನು ಸ್ವಿಚ್ಚಿನ ಮೇಲೆ ಕೈಯಿಟ್ಟು ಒತ್ತುವುದನ್ನೇ ಮರೆತು ನಿಂತುಬಿಟ್ಟೆ. ಎದುರಂಗಡಿಯಿಂದ ಖಾಲಾ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು: "ಲಾಕರ್ ತೆಗೀತು!" ಹಿಂದೆಯೇ ಬಂದ ಇಬ್ಬರು ಕಲಾವತಿಬಾಯಿಯ ಡಬ್ಬಿ ಒಂಟಿಯಾಗಿ ಕೂತದ್ದನ್ನು ನೋಡಿದರು, ತಮ್ಮದನ್ನೂ ಅದರ ಪಕ್ಕ ಇಟ್ಟು ಹೋದರು.

ಅಷ್ಟರಲ್ಲಿ ಬೀದರದಿಂದ ಅಪ್ಪ ಬಂದರು. ಮಳೆಗಾಲ ಬಂತಲ್ಲ, ಹೇಳಿದ ಮಾತಿನ ಲೆಕ್ಕ ಕೇಳಲು. ಕೊಡೆ ಮಡಚಿ ಕಟ್ಟೆಯ ಮುಂದೆ ನಿಂತರು.

"ಇದು ಯಾರದು?"

"ಕಲಾವತಿಬಾಯಿಯವರದು."

"ಅವರೆಲ್ಲಿ?"

"ಸಂತಿಗಿ ಹೋದ್ರು."

ಅಪ್ಪ ಇನ್ನೆರಡು ಡಬ್ಬಿಗಳನ್ನೂ ನೋಡಿದರು. ಅವುಗಳ ಒಡತಿಯರು ಎಲ್ಲಿ ಎಂದು ಕೇಳಲಿಲ್ಲ. ಡಬ್ಬಿಗಳಿಗೆ ತಾಗದಂತೆ ಕಟ್ಟೆಯ ಮೂಲೆಯಲ್ಲಿ ಕೂತು, ಕನ್ನಡಕ ತೆಗೆದು, ಬಹಳ ಹೊತ್ತು ಅದನ್ನು ಒರೆಸಿದರು. ನಾನು ಗಿರಣಿ ಹಚ್ಚಿದೆ. ಅಪ್ಪ ಏನೋ ಅಂದರು. ಕೇಳಿಸಲಿಲ್ಲ ಎಂದು ಕಿವಿಗೆ ಕೈ ಹಚ್ಚಿದೆ, ಥೇಟ್ ನಿನ್ನ ಹಾಗೆ. ಅವರು ಎದ್ದು ಬಂದು ಕಿವಿಯ ಹತ್ತಿರ ಕೂಗಿದರು:

"ಪಟ್ಟಾ ಸಡ್ಲ ಆಗ್ಯದಲ್ಲ, ಹೊಸಾದು ತರ್ಲೇನು?"

ಇದೇ ಸುದ್ದಿ, ಅತ್ತಿ. ಹೊಸ ಪಟ್ಟಾ ನಾಳಿದ್ದು ಬರುತ್ತದೆ. ಮೊದಲ ಹಿಡಿಯ ಬೆರಕಿ ಹಿಟ್ಟಿನ ರೊಟ್ಟಿ ಈಗಷ್ಟೇ ಬಡಿದೆ. ಒಂದು ಅಪ್ಪನಿಗೆ, ಒಂದು ಖಾಲಾಗೆ, ಒಂದು ನನಗೆ. ಖಾಲಾ ಹೇಳಿದ್ದು ನಿಜ, ಬಹಳ ಖಡಕ್. ಔರಾದದಲ್ಲಿ ಕಾಕಾ ಈ ಸಲ ಬದುವಿನ ಮೇಲೆ ಎರಡು ಸಾಲು ಹಾಕಲು ಒಪ್ಪಿದ್ದಾರೆ: ಒಂದು ಗಿರಣಿಗೆ ಉಣಿಸಲು, ಒಂದು ಕ್ರಿಸ್ಮಸ್ಸಿಗೆ. ಡಬ್ಬಿಗಳೂ ಎರಡು ಮಾಡುತ್ತೇನೆ, ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ. ಬರೆಯುವುದನ್ನು ನಾನು ಪೂರ್ತಿ ಬಿಟ್ಟಿಲ್ಲ ನೋಡು. ಕರಪತ್ರವೂ ಒಂದು ಹೊಸದು ಬರೆಯುತ್ತಿದ್ದೇನೆ. ಅಚ್ಚಾದ ಮೇಲೆ ಕಲಾವತಿಬಾಯಿಯವರಿಗೇ ಮೊದಲು ಕೊಡುತ್ತೇನೆ, ಗಿರಣಿ ಬಂದ್ ಮಾಡಿ, ಕೈಯಲ್ಲಿ.

ನಿನ್ನ ಜಗಳಗಂಟಿ,
ಎಸ್ತರ್